ದಾರ ಹರಿದ ಸಂಜೆಗಳು

ನನ್ನ ತಂಗಿಯ ಮದುವೆ ಹನ್ನೊಂದು ದಿನ ತೂಗಾಡಿತು. ತೂಗುಹಾಕಿದವನು ನಾನು. ಊರಲ್ಲಿ ಯಾರಾದರೂ ಕೇಳಿದರೆ ಮಾತಿಗೆ ಮಾತು ಬೆಳೆದಿತ್ತು, ಆಮೇಲೆ ಸರಿಹೋಯಿತು ಅನ್ನುತ್ತೇನೆ. ಅದು ಅರ್ಧ ನಿಜ. ಉಳಿದ ಅರ್ಧ ಇಲ್ಲಿದೆ.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಹೆಂಗಸರ ಜಂಪರು, ಅಂದರೆ ರವಿಕೆ, ಹೊಲಿಯುತ್ತೇನೆ. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವನ ಮಷೀನಿನ ಮುಂದೆ ಕೂತವನು ಇನ್ನೂ ಎದ್ದಿಲ್ಲ. ತಂಗಿ ಬಿ.ಎ. ಮುಗಿಸಿದಳು. ಓದು ಅವಳ ಪಾಲಿಗೆ ಹೋಯಿತು, ಕತ್ತರಿ ನನ್ನ ಪಾಲಿಗೆ ಬಂತು. ಆದರೂ ದರ್ಜಿಗೆ ಕತೆಯ ಬರವಿಲ್ಲ. ಅಳತೆ ಕೊಡಲು ಬಂದ ಹೆಂಗಸರು ದರ್ಜಿಯನ್ನು ಗಂಡಸರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಡೆಯ ಮುಂದೆ ನಿಂತಂತೆ ಮಾತಾಡುತ್ತಾರೆ.

ಫೋನಿನಲ್ಲಿ ಕತೆ ಓದುವ ಆ್ಯಪ್ ತೋರಿಸಿದವಳೂ ಒಬ್ಬ ಗಿರಾಕಿಯೇ. ದಿನಕ್ಕೊಂದು ಕಂತು, ಎಲ್ಲ ಪ್ರೀತಿಯ ಕತೆಗಳು. ಹತ್ತು ಕತೆ ಓದಿದ ಮೇಲೆ ಇದನ್ನು ನಾನೂ ಹೊಲಿಯಬಲ್ಲೆ ಅನ್ನಿಸಿತು. ಗಂಡಸು ಬರೆದ ಪ್ರೀತಿಯನ್ನು ಯಾರೂ ನಂಬುವುದಿಲ್ಲ ಎಂದು ಹೆಂಗಸಿನ ಹೆಸರು ಇಟ್ಟುಕೊಂಡೆ. ನನ್ನ ಮೊದಲ ಕತೆಯಲ್ಲಿ ಒಂದನೇ ಕಂತಿಗೆ ಹುಡುಗ ಹುಡುಗಿಯನ್ನು ನೋಡಿದ, ಎರಡನೇ ಕಂತಿಗೆ ಒಪ್ಪಿಗೆಯಾಯಿತು, ಮೂರಕ್ಕೆ ತಾಳಿ ಕಟ್ಟಿದ, ನಾಲ್ಕಕ್ಕೆ ತೊಟ್ಟಿಲು ಕಟ್ಟಿದರು. ಹನ್ನೊಂದು ಜನ ಓದಿದರು. ಕಾಗುಣಿತ ತಿದ್ದಿಕೊಟ್ಟ ತಂಗಿಯೂ ಅದರಲ್ಲಿ ಸೇರಿದಳು.

ಎರಡನೇ ಕತೆಗೆ ಆ್ಯಪಿನವರ ಕಡೆಯಿಂದ ಬೆಂಗಳೂರಿನ ಒಬ್ಬ ಸಂಪಾದಕಿ ಮೆಸೇಜು ಹಾಕತೊಡಗಿದಳು. ನನ್ನನ್ನು ಮೇಡಂ ಅನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಕತೆಯಲ್ಲಿ ಮದುವೆ ಆದರೆ ಓದುವವರು ಎದ್ದು ಹೋಗುತ್ತಾರೆ, ಆದಷ್ಟು ಮುಂದೂಡಿ ಎಂದು ಹೇಳಿಕೊಟ್ಟವಳು ಅವಳೇ. ಅದು ನನಗೆ ತಟ್ಟನೆ ತಿಳಿಯಿತು. ಜಂಪರಿನ ಬದಿಗೆ ಎರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತೇವೆ; ತೊಟ್ಟವಳು ದಪ್ಪಗಾದರೆ ಬಿಚ್ಚಬಹುದು. ಕತೆಯಲ್ಲೂ ಹಾಗೆ ಬಟ್ಟೆ ಬಿಡಬೇಕು. ಆದರೆ ನಾಯಕ ದೊಡ್ಡ ಕಂಪನಿಯ ಮಾಲೀಕನಾಗಿರಬೇಕು ಅಂದಳು. ನಾನು ಕಂಡ ದೊಡ್ಡ ಮಾಲೀಕ ಅಂದರೆ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ. ಅವನಿಗೇ ಕೋಟು ತೊಡಿಸಿದೆ. ನಾಯಕಿ ಅವನನ್ನು ಮೊದಲು ಕಂಡಾಗ ಏನು ಕಂಡಳು ಅಂತ ವಿವರವಾಗಿ ಬರೆಯಿರಿ ಅಂದಳು. ಎದೆ ನಲವತ್ತು, ಭುಜ ಹದಿನೇಳೂವರೆ, ತೋಳುದ್ದ ಇಪ್ಪತ್ತೈದು ಎಂದು ಬರೆದೆ.

‘ಮೇಡಂ, ಇದು ಅಳತೆ ಪುಸ್ತಕ ಅಲ್ಲ’ ಎಂದು ಉತ್ತರ ಬಂತು.

ಅಷ್ಟರಲ್ಲಿ ತಂಗಿಗೆ ಗಂಡು ಗೊತ್ತಾಯಿತು. ಹುಡುಗ ಮಾಗಳದವನು, ಹಡಗಲಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ. ಅಪ್ಪನಿಲ್ಲ, ತಾಯಿ ಒಬ್ಬಳೇ. ಆ ತಾಯಿಗೆ ಓದಲು ಬರುತ್ತದೆ, ಕನ್ನಡಕ ಹಾಕಿಕೊಂಡು ಫೋನ್ ನೋಡುತ್ತಾಳೆ ಎಂದು ಹೆಣ್ಣು ನೋಡಲು ಬಂದ ದಿನವೇ ಗಮನಿಸಿದ್ದೆ. ಅದನ್ನು ನೆನಪಿನಲ್ಲಿಟ್ಟಿದ್ದರೆ ಸಾಕಿತ್ತು.

ನಿಶ್ಚಯವಾದ ಮೇಲೆ ದಿನಾ ಸಂಜೆ ಹುಡುಗನ ಫೋನು ಬರುತ್ತಿತ್ತು. ತಂಗಿ ಅಂಗಡಿಯ ಗೋಡೆಯಾಚೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದಳು. ಮಷೀನು ಓಡುತ್ತಿದ್ದರೆ ನನಗೇನೂ ಕೇಳುತ್ತಿರಲಿಲ್ಲ. ಆದ್ದರಿಂದ ಕಾಲು ನಿಲ್ಲಿಸುತ್ತಿದ್ದೆ.

“ಅಣ್ಣ, ಮಷೀನ್ ಯಾಕ ನಿಂತ್ತು?”

“ದಾರ ಹರೀತವ್ವ.”

ಆ ಎರಡು ತಿಂಗಳಲ್ಲಿ ನನ್ನಷ್ಟು ದಾರ ಹರಿದುಕೊಂಡ ದರ್ಜಿ ಐದು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ನಾನು ಓದಿದ ಕತೆಗಳಲ್ಲಿ ನಾಯಕರು ಚಂದ್ರ, ನಕ್ಷತ್ರ ಎಂದೆಲ್ಲ ಮಾತಾಡುತ್ತಿದ್ದರು. ಈ ಹುಡುಗ ಹಾಗಲ್ಲ. ಊಟ ಆಯಿತೇ ಅನ್ನುತ್ತಿದ್ದ, ಅದರ ಹಿಂದೆಯೇ ಏನ್ ಸಾರು ಎಂದು ಕೇಳುತ್ತಿದ್ದ. ತಂಗಿ ಹೆಸರು ಕಾಳಿನದು ಅನ್ನುವಳು. ನಮ್ಮನೆಯಲ್ಲೂ ಅದೇ ಅನ್ನುವನು. ಅಷ್ಟಕ್ಕೆ ಇಬ್ಬರೂ ನಗುತ್ತಿದ್ದರು. ಎರಡೂ ಮನೆಯಲ್ಲಿ ಒಂದೇ ಸಾರಾದರೆ ನಗುವುದಕ್ಕೇನಿದೆ ಎಂದು ನನಗೆ ಒಂದು ವಾರ ತಿಳಿಯಲಿಲ್ಲ. ತಿಳಿದ ದಿನ ಮೂರನೇ ಕತೆ ಶುರುಮಾಡಿದೆ. ಒಮ್ಮೆ ಅವನು ಹಡಗಲಿ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಡಕ್ಟರ್ ಕೈಲಿ ಕಳಿಸಿದ. ಕಂಡಕ್ಟರ್ ಮರೆತ. ಹೂವು ಕೂಡ್ಲಿಗಿಗೆ ಹೋಗಿ ಮರುದಿನ ಕಂದಿ ವಾಪಸ್ ಬಂತು. ತಂಗಿ ಆ ಕಂದಿದ ಹೂವನ್ನೇ ಮುಡಿದುಕೊಂಡು ಸಂತೆಗೆ ಹೋದಳು. ಅದನ್ನೂ ಬರೆದೆ. ಈ ಕತೆಯನ್ನು ತಿದ್ದಲಿಕ್ಕೆ ಕೊಡಲಿಲ್ಲ. ಈಗ ಕಾಗುಣಿತ ನನಗೇ ಬರುತ್ತದೆ ಅಂದೆ. ಅಣ್ಣ ಕಲಿತುಬಿಟ್ಟ ಎಂದು ಅವಳು ಖುಷಿಪಟ್ಟು ಅವ್ವನಿಗೆ ಹೇಳಿದಳು. ಅದು ಈಗಲೂ ಚುಚ್ಚುತ್ತದೆ. ಓದಿ ನೋಡುವ ಪುರುಸೊತ್ತೂ ಅವಳಿಗೆ ಇರಲಿಲ್ಲ, ಅವಳದೇ ಕತೆ ನಡೆಯುತ್ತಿತ್ತು.

ಓದುವವರು ಸಾವಿರಗಟ್ಟಲೆ ಬಂದರು. ಕಂತಿನ ಕೆಳಗೆ ಹೆಂಗಸರು ಒಬ್ಬರಿಗೊಬ್ಬರು ‘ಇವತ್ತು ಏನ್ ಸಾರು’ ಎಂದು ಬರೆದುಕೊಳ್ಳುತ್ತಿದ್ದರು. ಇನ್ನು ಒಂದು ದೊಡ್ಡ ಜಗಳ ಬೇಕು, ಆಮೇಲೆ ವಿರಹ ಎಂದು ಸಂಪಾದಕಿ ಬರೆದಳು. ಈ ಇಬ್ಬರು ಜಗಳವಾಡುವ ಪೈಕಿ ಅಲ್ಲವಲ್ಲ ಎಂದು ನನಗೆ ಚಿಂತೆಯಾಯಿತು. ತಂಗಿ ಜಗಳವಾಡುತ್ತಿಲ್ಲವೆಂದು ಚಿಂತಿಸಿದ ಅಣ್ಣ ನಾನು.

ಜಗಳ ಒಂದು ಜಂಪರ್ ಪೀಸಿನಿಂದ ಬಂತು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಒಂದು ಜಂಪರ್ ಪೀಸು ಇಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಬಂದದ್ದನ್ನು ಟ್ರಂಕಿನಲ್ಲಿಟ್ಟು ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ನಿಶ್ಚಯದ ದಿನ ಹುಡುಗನ ತಾಯಿ ತಂಗಿಯ ಉಡಿ ತುಂಬಿದಳು. ಪೀಸು ಗಿಣಿ ಹಸಿರು. ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಮೂವತ್ತಾರು ಎಂಬ ಅಂಕಿ. ನನ್ನ ಕೈಬರಹ. ಯಾರೋ ಗಿರಾಕಿ ಹೊಲಿಯಲು ಕೊಟ್ಟು ಮರೆತದ್ದು. ಎರಡು ವರ್ಷದ ಹಿಂದೆ ಅವ್ವ ಅದನ್ನು ಹಗರಿಬೊಮ್ಮನಹಳ್ಳಿಯ ಗೃಹಪ್ರವೇಶದಲ್ಲಿ ಒಬ್ಬರ ಉಡಿಗೆ ಹಾಕಿದ್ದಳು. ಅಲ್ಲಿಂದ ಎಲ್ಲೆಲ್ಲಿ ಹೋಗಿತ್ತೋ, ಅಂತೂ ನದಿ ದಂಡೆಯ ಮಾಗಳವನ್ನು ಮುಟ್ಟಿ ನಮ್ಮ ಮನೆಗೇ ಬಂದಿತ್ತು.

ತಂಗಿ ಅದನ್ನು ತಮಾಷೆಗೆ ಫೋನಿನಲ್ಲಿ ಹೇಳಿದಳು. ಹುಡುಗ ನಗಲಿಲ್ಲ. ನಮ್ಮವ್ವನನ್ನು ಆಡಿಕೊಳ್ಳುತ್ತೀಯಾ ಅಂದ. ತಂಗಿ ಏನೋ ಅಂದಳು. ಅವನು ಫೋನಿಟ್ಟ. ಇವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ನಾನು ಗೋಡೆಯ ಈಚೆ ಸೂಜಿಗೆ ದಾರ ಪೋಣಿಸುವವನಂತೆ ಕೂತಿದ್ದೆ. ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಪೀಸಿನ ಜಗಳವನ್ನು ಮರುದಿನವೇ ಕಂತಿಗೆ ಹಾಕಿದೆ. ಊರು ಬದಲಿಸಿದೆ, ವೈಂಡಿಂಗ್ ಅಂಗಡಿಯನ್ನು ಮೋಟರ್ ಕಂಪನಿ ಮಾಡಿದೆ. ಗಿಣಿ ಹಸಿರನ್ನೂ ಮೂವತ್ತಾರನ್ನೂ ಬದಲಿಸಲು ಮರೆತೆ.

ಎರಡು ದಿನ ಬಿಟ್ಟು ಹುಡುಗ ನನ್ನ ಫೋನಿಗೆ ಮಾಡಿದ.

“ಮಾವಾರ, ತಪ್ಪು ನಂದ ಐತಿ. ಆಕಿಗೆ ಹೇಳ್ರಿ. ಒಂದ್ ಸಲ ಫೋನ್ ಎತ್ತಿದರ ಸಾಕು.”

ಹೇಳುತ್ತೇನೆ ಅಂದೆ. ಅದೇ ಬೆಳಿಗ್ಗೆ ಸಂಪಾದಕಿಯ ಮೆಸೇಜು ಬಂದಿತ್ತು: ವಿರಹ ಚೆನ್ನಾಗಿ ಓಡುತ್ತಿದೆ, ಇನ್ನೂ ಹತ್ತು ಕಂತು ಹಿಡಿದಿಡಿ ಎಂದು. ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ತಂಗಿ ಹುಕ್ಕು ಹಚ್ಚುತ್ತಿದ್ದವಳು ಎರಡೂ ಬದಿಗೆ ಹುಕ್ಕೇ ಹಚ್ಚಿ, ಸಿಕ್ಕಿಸುವ ಕುಣಿಕೆಯನ್ನೇ ಮರೆತಳು. ಅದು ಎಷ್ಟು ಒಳ್ಳೆಯ ಕಂತಾಯಿತೆಂದರೆ ನಾಳೆ ಹೇಳೋಣ ಅನ್ನಿಸಿತು. ಅವನ ಫೋನು ಬಂದ ಮೂರನೇ ದಿನ ಅವಳು ನಂಬರಿನ ಬ್ಲಾಕ್ ತೆಗೆದಳು. ಆದರೆ ಫೋನು ಕಣ್ಣಿಗೆ ಬೀಳಬಾರದೆಂದು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಆಮೇಲೆ ತಾಸಿಗೊಮ್ಮೆ ಅಕ್ಕಿ ತರಲು ಹೋಗತೊಡಗಿದಳು. ಆ ವಾರ ಮೂರು ಜನರ ಮನೆಯಲ್ಲಿ ಎಂಟು ಜನರ ಅನ್ನವಾಗುತ್ತಿತ್ತು. ಅವ್ವ ಉಳಿದದ್ದನ್ನು ದಿನಾ ಚಿತ್ರಾನ್ನ ಮಾಡಿದಳು. ನಾನು ಚಿತ್ರಾನ್ನ ತಿಂದು ಅಕ್ಕಿ ಡಬ್ಬಿಯ ಕಂತು ಬರೆದೆ. ಅತ್ತುಬಿಟ್ಟೆ ಎಂದು ನೂರಾರು ಹೆಂಗಸರು ಬರೆದರು.

ಹುಡುಗ ಮತ್ತೆ ಫೋನು ಮಾಡಿದ. ಇಲ್ಲಿಯವರೆಗಿನದು ತಡ ಮಾಡಿದ್ದು ಅನ್ನಬಹುದು. ಇನ್ನು ಹೇಳುವುದಕ್ಕೆ ಸುಳ್ಳು ಎಂಬುದಲ್ಲದೆ ಬೇರೆ ಹೆಸರಿಲ್ಲ.

“ಆಕಿ ಇನ್ನಾ ಸಿಟ್ಟಿನಾಗ ಅದಾಳ,” ಅಂದೆ. “ನಾ ಹೇಳೋ ತನಕ ಫೋನ್ ಮಾಡಬ್ಯಾಡ್ರಿ.”

“ಆತ್ರಿ ಮಾವಾರ.”

ಅವನು ಇಡಲು ಹೊರಟಿದ್ದ. ಬಿಡದೆ, ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿದೆ. ಪಾಪ, ಭಾವಮೈದುನನ ಕಳಕಳಿ ಅಂದುಕೊಂಡ. ನಿನ್ನೆ ಒಬ್ಬ ರೈತನ ಮೋಟರಿಗೆ ತಂತಿ ತಪ್ಪಿ ಸುತ್ತಿದೆ, ಅದು ಉಲ್ಟಾ ತಿರುಗಿತು, ರೈತ ಬೈದು ಹೋದ ಅಂದ. ನಾನು ಬಿಲ್ ಪುಸ್ತಕದ ಹಿಂದೆ ‘ಮೋಟರ್ ಉಲ್ಟಾ’ ಎಂದು ಬರೆದುಕೊಂಡೆ.

ಹತ್ತನೇ ದಿನ ತಂಗಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅಳುತ್ತಿರಲಿಲ್ಲ.

“ಅಣ್ಣ, ಅವರಿಗೆ ಬ್ಯಾಡ ಅಂತ ಹೇಳಿ ಕಳಿಸು. ಹತ್ತು ದಿನದಾಗ ಒಂದ್ ಮಾತು ಕೇಳದವ ನಾಳೆ ಏನ್ ನೋಡ್ಕೋತಾನ.”

ಆಗಲೇ ಹೇಳಬೇಕಿತ್ತು. ನೀರು ಕುಡಿದೆ. ಇನ್ನೊಂದು ದಿನ ತಡಿ ಅಂದೆ. ಅದು ಕಂತಿಗಾಗಿ ಕೇಳಿದ ದಿನವಲ್ಲ, ಹೆದರಿಕೆಯಿಂದ ಕೇಳಿದ್ದು. ಅವಳಿಗೆ ಎರಡೂ ಒಂದೇ.

ಮರುದಿನ ಹತ್ತು ಗಂಟೆಗೆ ಹಡಗಲಿ ಬಸ್ಸಿನಿಂದ ಇಳಿದು ಹುಡುಗನ ತಾಯಿ ನೇರ ಅಂಗಡಿಗೆ ಬಂದಳು. ಚಪ್ಪಲಿ ಬಿಟ್ಟಳು, ಕನ್ನಡಕ ಹಾಕಿಕೊಂಡಳು, ಫೋನು ತೆಗೆದಳು. ಅವ್ವ ನೀರು ತಂದಳು. ತಂಗಿ ಬಾಗಿಲಿಗೆ ಬಂದು ನಿಂತಳು. ಫೋನಿನಲ್ಲಿ ನನ್ನ ಕತೆ ಇತ್ತು.

“ಗಿಣಿ ಹಸಿರು, ಮೂಲ್ಯಾಗ ಮೂವತ್ತಾರು,” ಎಂದು ಓದಿದಳು. ತಂಗಿಯತ್ತ ತಿರುಗಿದಳು. “ಯವ್ವಾ, ನನ್ನ ಮ್ಯಾಲೆ ಸಿಟ್ಟಿದ್ರ ಎದುರಿಗೆ ಹೇಳಬೇಕಿತ್ತು. ಬಿ.ಎ. ಓದೀನಂತ ಊರ ಮಂದಿಗೆಲ್ಲ ಬರೆದು ಹಾಕ್ತಾರೇನು? ನನ್ನ ಮಗ ಎರಡು ಸಲ ಫೋನ್ ಮಾಡ್ಯಾನ. ಕಂಪನಿ ಮಾಲಕನ ಕಣ್ಣೀರು ಬರೀತೀ, ಅವನಿಗೊಂದು ಉತ್ತರ ಕೊಡಲಾರಿ.”

ತಂಗಿ ಆ ಫೋನು ಇಸಿದುಕೊಂಡಳು. ಮೇಲೆ ಬರೆದವಳ ಹೆಸರಿತ್ತು. ಅದು ಯಾರ ಹೆಸರೆಂದು ಇಡೀ ಭೂಮಿಯ ಮೇಲೆ ಗೊತ್ತಿದ್ದವಳು ಅವಳೊಬ್ಬಳೇ. ಓದಿದಳು. ಅಕ್ಕಿ ಡಬ್ಬಿಗೆ ಬಂದಾಗ ಅವಳ ಹೆಬ್ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ನಾನಲ್ಲ, ಇವನು ಎಂದು ಅವಳು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬೈಗುಳವನ್ನು ತನ್ನ ಮೇಲೆಯೇ ಇಟ್ಟುಕೊಂಡು, ನಾನೇನು ಮಾಡುತ್ತೇನೆ ಎಂದು ಕಾದಳು.

“ಅತ್ತೀ, ಬರ್ದಾಕಿ ನಾನು,” ಅಂದೆ.

ಆಕೆ ನನ್ನ ಮೀಸೆಯನ್ನು ನೋಡಿದಳು. ಮತ್ತೆ ಫೋನಿನಲ್ಲಿದ್ದ ಹೆಸರು ನೋಡಿದಳು. ಅವ್ವ ಅಲ್ಲೇ ನೆಲಕ್ಕೆ ಕೂತಳು. ನಾನು ಎಲ್ಲವನ್ನೂ ಹೇಳಿದೆ: ದಾರ ಹರಿಯಲೇ ಇಲ್ಲವೆಂದು, ಹುಡುಗ ತಪ್ಪೊಪ್ಪಿಕೊಂಡು ಮಾಡಿದ ಫೋನು, ಮಾಡಬೇಡ ಎಂದು ತಡೆದದ್ದು, ಮೋಟರು. ಪೀಸಿನ ವಿಷಯಕ್ಕೆ ಬಂದಾಗ ಅವ್ವ ನಡುವೆ ಬಾಯಿಹಾಕಿ ಅದನ್ನು ಮೊದಲು ಹೊರಗೆ ಬಿಟ್ಟವಳು ತಾನೇ, ಹಗರಿಬೊಮ್ಮನಹಳ್ಳಿಯಲ್ಲಿ, ಎಂದು ಒಪ್ಪಿಕೊಂಡಳು. ತನಗೆ ಅದು ಬಾಗಳಿಯ ಒಂದು ಸೀಮಂತದಲ್ಲಿ ಬಂತೆಂದು ಹುಡುಗನ ತಾಯಿ ಅಂದಳು. ಹಗರಿಬೊಮ್ಮನಹಳ್ಳಿಯಿಂದ ಬಾಗಳಿಗೆ ಅದನ್ನು ಒಯ್ದವರು ಯಾರು ಎಂದು ಇಬ್ಬರೂ ಬೆರಳು ಮಡಚಿ ನೆಂಟರನ್ನು ಎಣಿಸತೊಡಗಿದರು. ನನ್ನನ್ನು ಸ್ವಲ್ಪ ಹೊತ್ತು ಮರೆತೇಬಿಟ್ಟರು. ತಂಗಿ ಮರೆಯಲಿಲ್ಲ.

“ಕತ್ಯಾಗ ಎಲ್ಲಾರೂ ಅದಾರ,” ಅಂದಳು. “ಅವ್ವ ಅದಾಳ, ಅತ್ತಿ ಅದಾರ, ಕಂಡಕ್ಟರ್ ಅದಾನ. ನೀನ ಇಲ್ಲಲ್ಲ ಅಣ್ಣ.”

ಹೌದು. ನನ್ನ ನಾಯಕಿಗೆ ಅಣ್ಣನೇ ಇರಲಿಲ್ಲ. ಒಂಟಿ ಮಗಳು ಮಾಡಿದ್ದೆ.

“ನಿನ್ನ ಹಾಕು. ಇದ್ದದ್ದು ಇದ್ದಂಗ ಹಾಕು. ನಾಳಿನ ಕಂತಿನಾಗ.”

ಅಷ್ಟು ಹೇಳಿ ಒಳಗೆ ಹೋದಳು. ಅಕ್ಕಿ ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಬಹಳ ಹೊತ್ತು ಮಾತಾಡಿದಳು. ಏನು ಮಾತಾಡಿದಳೋ ಗೊತ್ತಿಲ್ಲ, ಯಾಕೆಂದರೆ ನಾನು ಮಷೀನು ಓಡಿಸುತ್ತಿದ್ದೆ. ಹುಡುಗನ ತಾಯಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು, “ತಮ್ಮಾ, ಕತ್ಯಾಗ ಲಗ್ನ ಆಕ್ಕೈತಿಲ್ಲೋ?” ಆಗುತ್ತದೆ ಅಂದೆ. ಹಾಗಾದರೆ ಇನ್ನೊಂದು ಹಿಡಿ ಅನ್ನ ಹಾಕಿರಿ ಅಂದಳು. ಅನ್ನಕ್ಕೆ ಆವತ್ತೂ ಬರವಿರಲಿಲ್ಲ.

ಕಂತು ಹಾಕಿದೆ. ನಾಯಕಿಗೆ ಇದ್ದಕ್ಕಿದ್ದಂತೆ ಒಬ್ಬ ದರ್ಜಿ ಅಣ್ಣ ಹುಟ್ಟಿದ. ಹುಡುಗನ ಮಾತನ್ನು ನುಂಗಿಕೊಂಡ, ಸಿಕ್ಕಿಬಿದ್ದ. ಮರುದಿನವೇ ಮದುವೆ ಮಾಡಿಸಿ ಕತೆ ಮುಗಿಸಿದೆ. ಮೂರು ದಿನ ಬಿಟ್ಟು ಸಂಪಾದಕಿ, ‘ಮೇಡಂ, ಆ ಅಣ್ಣನ ಪಾತ್ರ ತುಂಬಾ ನೈಜವಾಗಿದೆ, ಎಲ್ಲಿಂದ ತಂದಿರಿ’ ಎಂದು ಕೇಳಿದಳು. ಓದುಗರು ಅವನಿಗೆ ಹಾಕಿದ ಬೈಗುಳವನ್ನು ತಂಗಿ ಊಟದ ಹೊತ್ತಿಗೆ ಒಂದೂ ಬಿಡದೆ ಓದಿ ಹೇಳಿದಳು. ಇಂಥ ಅಣ್ಣನ ಕೈಗೆ ಸೂಜಿಯ ಬದಲು ಕಲ್ಲೊಡೆಯುವ ಸುತ್ತಿಗೆ ಕೊಡಬೇಕು ಎಂದು ಕೂಡ್ಲಿಗಿಯ ಒಬ್ಬಾಕೆ ಬರೆದಿದ್ದಳು. ಅದನ್ನು ಎರಡು ಸಲ ಓದಿದಳು.

ಮದುವೆ ಮಾಗಳದಲ್ಲಾಯಿತು. ಅದಕ್ಕೆ ಮುಂಚೆ ಆ ಗಿಣಿ ಹಸಿರು ಪೀಸನ್ನು ತಂಗಿಯ ಅಳತೆಗೆ ಕತ್ತರಿಸಿ ಹೊಲಿದುಬಿಟ್ಟೆ, ಇನ್ನು ಎಲ್ಲೂ ಹೋಗದಿರಲಿ ಎಂದು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತಂತೆ. ನನಗೆ ಹೇಳಿದವನು ತಂಗಿಯ ಗಂಡ.

ತಂಗಿ ಈಗಲೂ ಸಂಜೆ ಅವ್ವನಿಗೆ ಫೋನು ಮಾಡುತ್ತಾಳೆ. ಅವ್ವ ಗೋಡೆಯಾಚೆ ಅದೇ ಮೆಟ್ಟಿಲ ಮೇಲೆ ಕೂರುತ್ತಾಳೆ. ಮಾತು ಶುರುವಾಗುವ ಮುಂಚೆ ಅವ್ವ ಒಳಗೆ ಬಗ್ಗಿ, ಆಕಿಗೆ ಮಷೀನಿನ ಸಪ್ಪಳ ಕೇಳಬೇಕಂತ ನೋಡು, ಅನ್ನುತ್ತಾಳೆ. ನಾನು ತುಳಿಯುತ್ತೇನೆ. ಮಾತು ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಕೆಲವು ಸಂಜೆ ಹೊಲಿಯಲು ಏನೂ ಇರುವುದಿಲ್ಲ. ಆಗ ಸೂಜಿಯ ದಾರ ತೆಗೆದು, ಬಟ್ಟೆಯಿಲ್ಲದೆ, ಬರೀ ಮಷೀನು ತುಳಿಯುತ್ತಾ ಕೂರುತ್ತೇನೆ.