ಅವಳ ಪಕ್ಕದ ಜಾಗ

ಹೆಂಡತಿಯನ್ನು ಮಣ್ಣು ಮಾಡಿದ ಮರುತಿಂಗಳು ನಾನು ಚರ್ಚಿನ ಸ್ಮಶಾನದಲ್ಲಿ ಇಬ್ಬರಿಗಾಗುವಷ್ಟು ಅಗಲಕ್ಕೆ ಕಲ್ಲಿನ ಅಂಚು ಹಾಕಿಸಿದೆ. ಎಡಕ್ಕೆ ಅವಳು. ಬಲಕ್ಕೆ ಖಾಲಿ, ಅದು ನನಗೆ. ಆಗಿದ್ದ ವಯಸ್ಸಾದ ಫಾದರ್ ಅವರನ್ನು ಕೇಳಿಯೇ ಮಾಡಿಸಿದ್ದೆ. ಆಗಲಿ ಎಂದು ತಲೆಯಾಡಿಸಿದ್ದರು.

ಇದು ನಮ್ಮ ಕಡೆ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ಬೂದಿಗೆರೆಯಿಂದ ದೇವನಹಳ್ಳಿಯವರೆಗೆ ಎಲ್ಲರೂ ಕಲಿತದ್ದು ಒಂದೇ ಪಾಠ: ಸುತ್ತ ಕಲ್ಲು ನೆಡದ ಜಾಗ ನಮ್ಮದಲ್ಲ. ಕೆಲಸ ನಡೆಯುತ್ತಿದ್ದಾಗ ಚರ್ಚಿನ ಸಮಿತಿಯ ಹಿರಿಯರೊಬ್ಬರು, ದ್ರಾಕ್ಷಿ ತೋಟದವರು, ಬಂದು ನೋಡಿ, "ಏನ್ ಸಾರ್, ಇಲ್ಲೂ ಸೈಟಾ? ಅದೂ ಕಾರ್ನರ್ ಸೈಟು" ಅಂದರು. ಗಾರೆಯವರು ನಕ್ಕರು. ನಾನೂ ನಕ್ಕೆ.

ನಾನು ದಿನಪತ್ರಿಕೆಯ ಸುದ್ದಿಮನೆಯಲ್ಲಿ ದುಡಿದವನು, ಬಹುಪಾಲು ರಾತ್ರಿ ಪಾಳಿಯಲ್ಲಿ. ಅವಳು ಹಗಲು ಕೆಲಸಕ್ಕೆ ಹೋಗುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ಎದುರುಬದುರು ಕೂತು ಉಂಡದ್ದು ಹೆಚ್ಚಾಗಿ ಭಾನುವಾರಗಳಂದು. ನಿವೃತ್ತಿಯಾದ ಮೇಲೆ ಇದ್ದೇ ಇದೆಯಲ್ಲ ಎಂದುಕೊಂಡಿದ್ದೆವು. ನಿವೃತ್ತಿಗೆ ಮೊದಲು ಅವಳಿಗೆ ಕಾಯಿಲೆ ಬಂತು. ಮಕ್ಕಳಿಲ್ಲ. ಹಾಗಾಗಿ ಆ ಖಾಲಿ ಜಾಗ ನನ್ನ ಪಾಲಿಗೆ ಬರೀ ಮಣ್ಣಾಗಿರಲಿಲ್ಲ. ಜೊತೆಗಿರುವುದು ಎಂಬುದು ಇನ್ನೂ ಬಾಕಿ ಇದ್ದದ್ದು ಅಲ್ಲಿ ಮಾತ್ರ.

ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುತ್ತೇನೆ, ಆಮೇಲೆ ಸಮಾಧಿಗೆ, ಆಮೇಲೆ ಮನೆಗೆ. ಒಮ್ಮೆ ಅನ್ನ ಮಾಡಿದರೆ ಎರಡು ಹೊತ್ತಿಗಾಗುತ್ತದೆ. ಪೂಜೆಯಲ್ಲಿ ಎಲ್ಲರ ಜೊತೆ ಹೇಳುವ ಉತ್ತರಗಳನ್ನು ಬಿಟ್ಟರೆ ಬಾಯಿ ತೆರೆಯದ ದಿನಗಳೂ ಇರುತ್ತವೆ. ದೂರಲು ಹೇಳುತ್ತಿಲ್ಲ, ಇರುವುದು ಹಾಗೆ.

ಹೋದ ವರ್ಷ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ಬೆಳಿಗ್ಗೆ ಈಗಿನ ಫಾದರ್ ಮನೆಗೆ ಬಂದರು. ಅವರು ಚಿಕ್ಕ ವಯಸ್ಸಿನವರು, ನೇರವಾಗಿ ಮಾತಾಡುವವರು. ಹತ್ತಿರದ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಕಂಬಿ ಕಟ್ಟುತ್ತಿದ್ದ ಜಾರ್ಖಂಡ್‌ನವನೊಬ್ಬ ಜ್ವರದಿಂದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಕ್ರೈಸ್ತ. ಹೆಣ ಊರಿಗೆ ಸಾಗಿಸುವುದು ಮನೆಯವರಿಂದ ಆಗದು; ಇಲ್ಲೇ, ಆದರೆ ಚರ್ಚಿನ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿ ಎಂದು ಅವನ ಹೆಂಡತಿ ಫೋನಿನಲ್ಲಿ ಬೇಡಿಕೊಂಡಿದ್ದಳು. ನಮ್ಮ ಸ್ಮಶಾನ ಚಿಕ್ಕದು. ಒಂದು ಬದಿ ಬಂಡೆ; ನನ್ನ ಹೆಂಡತಿಯ ಪಕ್ಕದ ಜಾಗ ಬಿಟ್ಟರೆ ಉಳಿದದ್ದು ಭರ್ತಿ. ಹಳೆಯ ಗುಂಡಿ ತೆರೆಯಬೇಕಾದರೆ ಆ ಮನೆಯವರ ಒಪ್ಪಿಗೆ ಬೇಕು. ಅವರೆಲ್ಲ ಜಮೀನು ಮಾರಿ ಎಲ್ಲೆಲ್ಲೋ ಹೋಗಿದ್ದಾರೆ. ನಗರದ ಸ್ಮಶಾನಗಳಲ್ಲಿ ಕೇಳಿದ್ದಕ್ಕೆ, ನಮ್ಮ ಚರ್ಚಿಗೆ ಸೇರಿದವನಲ್ಲ ಎಂಬ ಉತ್ತರ ಬಂದಿತ್ತು.

ವರದಿಗಾರನೊಬ್ಬ ಫೋನಿನಲ್ಲಿ ಸುದ್ದಿ ಕೊಡುವಾಗ ಕೇಳಿಸಿಕೊಳ್ಳುವಂತೆ ಪೂರ್ತಿ ಕೇಳಿಸಿಕೊಂಡೆ. ಕೊನೆಗೆ ಹೇಳಿದೆ: "ಅದು ನನ್ನ ಜಾಗ, ಫಾದರ್."

ಅವರು ವಾದ ಮಾಡಲಿಲ್ಲ. "ಸಾಯಂಕಾಲ ಬಾಡಿ ಬರುತ್ತೆ ಸಾರ್. ಅಷ್ಟರೊಳಗೆ ಒಂದ್ ಮಾತು ತಿಳಿಸಿ. ಬೇಡ ಅಂದ್ರೂ ನಾನೇನೂ ಅಂದ್ಕೊಳಲ್ಲ" ಎಂದು ಎದ್ದರು.

ಮಧ್ಯಾಹ್ನ ಚರ್ಚಿಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಫಾದರ್ ಅವರಿಗೆ ಹೇಳಬೇಕಾದ 'ಇಲ್ಲ' ಎಂಬ ಮಾತನ್ನು ಮೊದಲು ದೇವರ ಮುಂದೆ ಇಟ್ಟು ನೋಡೋಣ ಎಂದು ಮೊಣಕಾಲೂರಿದೆ. ಅನುಮತಿ ಪಡೆದಿದ್ದೆ: ನಿಜ. ನಾನು ಈ ಚರ್ಚಿನವನು, ಅವನಲ್ಲ: ಅದೂ ನಿಜ. ಮೂರನೆಯದು, ನನ್ನ ಹೆಂಡತಿ ಒಪ್ಪುತ್ತಿರಲಿಲ್ಲ. ಆ ಕಾರಣಕ್ಕೆ ಬಂದು ತಡೆದೆ.

ಅದಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಬಸ್ಸಿನಲ್ಲಿ ಬೇರೆಯವರಿಗೆ ಮೊದಲು ಎದ್ದು ಸೀಟು ಬಿಡುತ್ತಿದ್ದವಳು ಅವಳು. ತನ್ನ ಬೀರುವಿನ ಬೀಗದ ಕೈಯನ್ನು ನನಗೂ ಕೊಡದೆ ಇಟ್ಟುಕೊಂಡವಳೂ ಅವಳೇ. ಹೂಂ ಎನ್ನುತ್ತಿದ್ದಳೋ ಊಹೂಂ ಎನ್ನುತ್ತಿದ್ದಳೋ ನನಗೆ ಗೊತ್ತಿಲ್ಲ. ಆಡದ ಮಾತನ್ನು ಒಬ್ಬರ ಬಾಯಿಗೆ ತುರುಕುವುದನ್ನು ಬೇರೆಯವರ ವರದಿಗಳಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತ ಬಂದವನು ನಾನು. ಇದನ್ನೂ ಹೊಡೆದುಹಾಕಬೇಕಾಯಿತು. ಅದು ಹೋದ ಮೇಲೆ ಮೊದಲಿನ ಎರಡು ಕಾರಣಗಳೂ ನಿಲ್ಲಲಿಲ್ಲ. ಉಳಿದದ್ದು ಒಂದೇ: ನನಗೆ ಬೇಕು.

ಅದನ್ನು ಬಾಯಿಬಿಟ್ಟು ಹೇಳಿದೆ. "ನನಗೆ ಬೇಕು, ದೇವರೇ."

ಉತ್ತರ ಬಂತು ಎಂದು ನಾನು ಹೇಳುವುದಿಲ್ಲ. ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಆದರೆ ಆ ಮಾತು ನನ್ನ ಕಿವಿಗೆ ಬಿದ್ದಾಗ, ಅವಳು ಹೋದಂದಿನಿಂದ ನಾನು ಮಾಡಿಕೊಂಡು ಬಂದ ಪ್ರಾರ್ಥನೆಗಳೆಲ್ಲ ಬೇರೆ ಬೇರೆ ಮಾತಿನಲ್ಲಿ ಇದೇ ಆಗಿದ್ದವು ಎಂದು ತಿಳಿಯಿತು. ದೇವರ ಇಷ್ಟದಂತೆ ಆಗಲಿ ಎಂದು ದಿನಾ ಹೇಳುತ್ತಿದ್ದೆ. ಆ ಒಂದು ತುಂಡು ನೆಲವನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದೆ. ನನ್ನಲ್ಲಿ ದೀನತೆ ಇದೆ ಎಂದೇ ನಂಬಿದ್ದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಸಮಿತಿಯಲ್ಲಿ ಸ್ಥಾನ ಬೇಡವೆಂದಿದ್ದೆ, ಶಾಲು ಹೊದಿಸಲು ಕರೆದಾಗ ತಪ್ಪಿಸಿಕೊಂಡಿದ್ದೆ. ಅವುಗಳಲ್ಲಿ ಒಂದಕ್ಕೂ ನಾನು ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ಬೇಡವಾದದ್ದನ್ನು ಬಿಟ್ಟುಕೊಟ್ಟು ತಲೆ ತಗ್ಗಿಸಿದೆ ಎಂದುಕೊಂಡಿದ್ದೆ.

ಮೊಣಕಾಲು ನೋಯುವವರೆಗೂ ಅಲ್ಲೇ ಇದ್ದೆ. ಬೇಕು ಎನ್ನುವುದು ಕಡಿಮೆಯಾಗಲಿಲ್ಲ. ಕಡಿಮೆಯಾದ ಮೇಲೆ ಬಿಡೋಣ ಎಂದು ಕಾದರೆ ಸಂಜೆಯೊಳಗೆ ಆಗುವ ಕೆಲಸವಲ್ಲ ಎಂಬುದು ಮಾತ್ರ ಸ್ಪಷ್ಟವಾಯಿತು. ಎದ್ದು ಫಾದರ್ ಅವರ ಮನೆಗೆ ಹೋಗಿ, ಅಲ್ಲೇ ಅಗೆಸಿ ಎಂದೆ. ಅವರು ನನ್ನ ಮುಖ ನೋಡಿ, ಬನ್ನಿ, ಕಾಫಿ ಕುಡೀರಿ ಎಂದರು. ಬೇಡವೆಂದು ಹೊರಟೆ. ಮನಸ್ಸು ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಅಗೆಯುವಾಗ ನಿಂತು ನೋಡಿದೆ. ಅವಳ ಕಡೆಯ ಮಣ್ಣು ಸ್ವಲ್ಪ ಕುಸಿಯಿತು. ಅಗೆಯುವವನು ಸಲಿಕೆಯಲ್ಲಿ ತಟ್ಟಿ ಸರಿಮಾಡಿದ. ಸಂಜೆ ಆಂಬುಲೆನ್ಸ್ ಬಂತು. ಜೊತೆಗೆ ಕೆಲಸದಿಂದ ನೇರ ಬಂದಿದ್ದವರು, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು, ಸಿಮೆಂಟಿನ ಧೂಳಿನಲ್ಲೇ. ಫಾದರ್ ಕನ್ನಡದಲ್ಲಿ ಪ್ರಾರ್ಥಿಸಿದರು. ಆ ಕೆಲಸಗಾರರು ತಮ್ಮ ಮಾತಿನಲ್ಲಿ ಉತ್ತರ ಹೇಳಿದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಶುರು ಮಾಡಬೇಕು ಎಂಬುದು ಅವರಿಗೆ ತಪ್ಪಲಿಲ್ಲ.

ಸತ್ತವನ ಊರಿನವನೊಬ್ಬ ಮೊಬೈಲನ್ನು ಎತ್ತಿ ಹಿಡಿದಿದ್ದ. ಪರದೆಯಲ್ಲಿ ಸತ್ತವನ ಹೆಂಡತಿ. ಅವನು ಗುಂಡಿ ತೋರಿಸಿದ, ಪೆಟ್ಟಿಗೆ ತೋರಿಸಿದ, ಸುತ್ತಲೂ ತಿರುಗಿಸಿದ. ನನ್ನ ಹೆಂಡತಿಯ ಶಿಲುಬೆ ಬಂದಾಗ ಆಕೆ ಏನೋ ಕೇಳಿದಳು. ಅವನು ನನ್ನ ಕಡೆ ತಿರುಗಿದ. ಕೆಲವು ವರ್ಷದಿಂದ ಇಲ್ಲಿದ್ದು ಕಲಿತ ಕನ್ನಡ ಅವನದು.

"ಸಾರ್, ಭಾಭಿ ಕೇಳ್ತಾ ಇದೆ, ಪಕ್ಕದಲ್ಲಿ ಯಾರು ಮಲ್ಗಿರೋದು?"

"ನನ್ನ ಹೆಂಡ್ತಿ."

ಅವನು ಹೇಳಿದ. ಆಕೆ ಮೆಲ್ಲಗೆ ಇನ್ನೊಂದು ಕೇಳಿದಳು. ಇದನ್ನು ನನಗೆ ಹೇಳಲು ಅವನಿಗೆ ಸಂಕೋಚವಾದಂತೆ ಕಂಡಿತು.

"ಅವನಿಗೆ ಕನ್ನಡ ಬರಲ್ಲ ಸಾರ್. ಮೇಡಮ್‌ಗೆ ಹಿಂದಿ ಬರ್ತಿತ್ತಾ ಅಂತ."

ಯಾರೂ ನಗಲಿಲ್ಲ. ನನ್ನ ಹೆಂಡತಿ ಮಾಧ್ಯಮಿಕ ಶಾಲೆಯಲ್ಲಿ ಹಿಂದಿ ಪಾಠ ಮಾಡುತ್ತಿದ್ದವಳು. ಆ ದಿನವೆಲ್ಲ ಅವಳ ಪರವಾಗಿ ನಾನು ಆಧಾರವಿಟ್ಟು ಹೇಳಬಹುದಾಗಿದ್ದದ್ದು ಇದೊಂದೇ.

"ಬರ್ತಿತ್ತು. ನನಗಿಂತ ಚೆನ್ನಾಗಿ ಬರ್ತಿತ್ತು ಅಂತ ಹೇಳಪ್ಪ."

ಪರದೆಯಲ್ಲಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ಫಾದರ್ ಒಂದು ಹಿಡಿ ಮಣ್ಣು ಹಾಕಿದರು. ನಂತರ ನಾನು ಹಾಕಿದೆ.

ನನ್ನನ್ನು ಎಲ್ಲಿ ಹೂಳುತ್ತಾರೆ ಎಂದು ನಾನು ಫಾದರ್ ಅವರನ್ನು ಇನ್ನೂ ಕೇಳಿಲ್ಲ. ಅವರೂ ಹೇಳಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಈಗಲೂ ಅಲ್ಲಿಗೆ ಹೋಗುತ್ತೇನೆ. ನಾನು ನಿಲ್ಲುತ್ತಿದ್ದ ಕಡೆ ಮಣ್ಣಿನ ದಿಬ್ಬ ಇರುವುದರಿಂದ ಕಾಲುದಾರಿಯಲ್ಲಿ ನಿಲ್ಲುತ್ತೇನೆ. ಅದು ಕಿರಿದು. ಹಿಂದಿನ ಸಾಲಿನ ಸಮಾಧಿಗಳಿಗೆ ಹೂವು ತರುವವರು ಬಂದರೆ ಸರಿದು ದಾರಿ ಬಿಡುತ್ತೇನೆ.