ನಾಳಿನ ನೀರಿಗೆ ಇಂದೇ ಹಸಿರು

ಅಮಾತೆಪ್ಪನವರ ಬಗ್ಗೆ ಬರೆಯಲು ನನಗಿಂತ ಕಡಿಮೆ ಯೋಗ್ಯತೆಯವರು ಈ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ. ಅವರ ಹೆಸರು ಕೆಡಿಸಿದವಳು ನಾನು. ಅದನ್ನು ನೆಟ್ಟಗೆ ಮಾಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟರೆ ಅದು ಆಗುವುದೂ ಇಲ್ಲ.

ಅವರು ಹುನಗುಂದ ತಾಲ್ಲೂಕಿನವರು. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದರು. ಗಡಿಯ ಕಥೆ ಕೇಳಲು ಹೋದವರಿಗೆ ನಿರಾಸೆಯೇ ಗತಿ, ಯಾಕೆಂದರೆ ಅವರು ಹೇಳುತ್ತಿದ್ದುದು ನೀರಿನ ಟ್ಯಾಂಕರಿನ ಕಥೆ. ಕೊನೆಯ ಒಂಬತ್ತು ವರ್ಷ ಅವರಿದ್ದದ್ದು ತರಬೇತಿ ಕೇಂದ್ರದಲ್ಲಿ. ಹೊಸ ಸಿಪಾಯಿಗಳನ್ನು ಹತ್ತು ದಿನ ಬಯಲಿಗೆ ಕರೆದೊಯ್ದು ಸಮರಾಭ್ಯಾಸ ಮಾಡಿಸುವಾಗ ಯಾವ ತುಕಡಿ ಎಲ್ಲಿರಬೇಕು, ಊಟ ಎಷ್ಟು ಗಂಟೆಗೆ ತಲುಪಬೇಕು, ದವಾಖಾನೆಯ ಗಾಡಿ ಯಾವ ಮರದ ಕೆಳಗೆ ನಿಲ್ಲಬೇಕು ಎಂಬುದನ್ನೆಲ್ಲ ಬರೆದಿಟ್ಟು, ತಾಸಿಗೊಮ್ಮೆ ಫೋನ್ ಹಚ್ಚಿ ವಿಚಾರಿಸುವುದು ಅವರ ಕೆಲಸ.

"ನೀರ ಬಂತೇನು?" ಎಂದು ಕೇಳುವರು. "ಬಂತು" ಎಂದರೆ ಅಷ್ಟಕ್ಕೇ ಬಿಡುವ ಮನುಷ್ಯನಲ್ಲ. "ನೀ ಕಣ್ಣಾರೆ ನೋಡಿದ್ಯೋ, ಯಾರೋ ಹೇಳಿದ್ದ ಕೇಳಿದ್ಯೋ?" ಎಂದು ಎರಡನೆಯ ಪ್ರಶ್ನೆ ಬರುತ್ತಿತ್ತು.

ನನ್ನದು ಗುಳೇದಗುಡ್ಡ. ಅಪ್ಪ ಕುಪ್ಪಸದ ಖಣ ನೇಯುವವರು. ನಾನು ಸಾಲೆಗೆ ಹೋಗುವಾಗಲೇ ಖಣದ ಹೂವುಗಳನ್ನು ಚೌಕಳಿ ಹಾಳೆಯ ಮೇಲೆ ಬಿಡಿಸುತ್ತಿದ್ದೆ. ಮುಂದೆ ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದೆ, ಅಲ್ಲಿಂದ ಸಾಫ್ಟ್‌ವೇರಿನ ಪರದೆ ವಿನ್ಯಾಸಕ್ಕೆ ಬಂದೆ. ಬಾಗಲಕೋಟೆಯ ನವನಗರದಲ್ಲಿ ಕಿರಾಣಿ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಕಂಪನಿ ನಮ್ಮದು, ಮಾಲೀಕರು ಅನಿಲಕುಮಾರ. ಸಮರಾಭ್ಯಾಸವನ್ನು ಯೋಜಿಸಿ, ಅದು ನಡೆಯುವಾಗ ನಿಗಾ ಇಡುವ ಸಾಫ್ಟ್‌ವೇರಿನ ಕೆಲಸ ದೊಡ್ಡ ಕಂಪನಿಯೊಂದರ ಕೈಯಿಂದ ನಮಗೆ ಸಿಕ್ಕಿತ್ತು. ನಮ್ಮಲ್ಲಿ ಯಾರೂ ಎನ್‌ಸಿಸಿ ಬೂಟು ಸಹ ಹಾಕಿದವರಲ್ಲ. ಹಾಗಾಗಿ ಸಲಹೆ ಹೇಳಲು ಅಮಾತೆಪ್ಪನವರನ್ನು ಕರೆಸಿಕೊಂಡೆವು.

ಬಂದ ವಾರವೇ ಅವರು ಮಾಳಿಗೆಯ ಮೇಲೆ ಎರಡು ಬುಟ್ಟಿ ಎರೆಮಣ್ಣು ಸುರುವಿಸಿ, ನೀರು ಚಿಮುಕಿಸಿ, ಗುಡ್ಡ ಹಳ್ಳ ಎಲ್ಲ ಮಾಡಿದರು. ಹೆಂಡತಿ ಶಿವಲಿಂಗವ್ವನ ಒಡೆದ ಬಳೆಚೂರುಗಳೇ ಅವರ ಸೈನ್ಯ. "ಹಸರ ನಮ್ಮವ್ರು, ಕೆಂಪ ವೈರಿ," ಎಂದು ನಮ್ಮನ್ನೆಲ್ಲ ಸುತ್ತಲೂ ಕುಕ್ಕರಗಾಲಲ್ಲಿ ಕೂರಿಸಿ ಪಾಠ ಮಾಡಿದರು. ನಾವು ಅವರನ್ನು ಕರ್ನಲ್ ಸಾಹೇಬರು ಎಂದು ಚೇಷ್ಟೆ ಮಾಡಿದರೆ, ಮೀಸೆಯೊಳಗೇ ನಗುವರು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದರೆ ಮೊದಲ ಪಾಲು ನನಗೇ ಬರುತ್ತಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಶೀಲವ್ವ ಎನ್ನುತ್ತಿದ್ದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಇನ್ನು ನನ್ನ ತಪ್ಪು. ಅಭ್ಯಾಸದ ಒಂದು ದಿನಕ್ಕೆ ನಮ್ಮ ಪರದೆಯ ಮೇಲೆ ನೂರನಲವತ್ತು ಸಾಲುಗಳಿದ್ದವು. ನೀರು ತಲುಪಿದೆ, ಗಾಡಿ ನಿಂತಿದೆ ಎಂದು ಬಯಲಿನಿಂದ ಖಾತ್ರಿಯಾದ ಕೂಡಲೇ ಆ ಸಾಲು ಹಸಿರಾಗಬೇಕು. ಹತ್ತು ದಿನಕ್ಕೂ ಅಷ್ಟಷ್ಟು ಸಾಲು ತುಂಬುವುದು ಬೇಸರದ ಕೆಲಸವೆಂದು ಸೈನ್ಯದ ಅಧಿಕಾರಿಗಳು ಗೊಣಗಿದರು. ಅದಕ್ಕೆ ನಾನೊಂದು ಗುಂಡಿ ಇಟ್ಟೆ. ಒಂದು ದಿನವನ್ನು ಸರಿಯಾಗಿ ತುಂಬಿ ಆ ಗುಂಡಿ ಒತ್ತಿದರೆ, ಉಳಿದ ದಿನಗಳಿಗೆಲ್ಲ ಅದೇ ನಕಲಾಗುತ್ತದೆ. ಖಣದ ಕೆಲಸ ಮಾಡಿದವಳಿಗೆ ಇದು ನೀರು ಕುಡಿದಷ್ಟು ಸಲೀಸು. ಒಂದು ಹೂವು ಸರಿಯಾಗಿ ತುಂಬಿದರಾಯಿತು, ಮುಂದಿನ ಸಾವಿರ ಹೂವು ಅದರ ನಕಲೇ. ಬಣ್ಣ ಬಿಟ್ಟು ಹೂವನ್ನು ನಕಲು ಮಾಡುವವರು ನಮ್ಮಲ್ಲಿಲ್ಲ. ಹಾಗೆ ಮಾಡಿದರೆ ಹಾಳೆ ಹರಿದು ಮೊದಲಿನಿಂದ ಬಿಡಿಸು ಎನ್ನುತ್ತಾರೆ. ಹಾಗಾಗಿ ಸಾಲಿನ ಜೊತೆಗೆ ಅದರ ಹಸಿರೂ ನಕಲಾಗುವಂತೆ ಮಾಡಿದೆ. ಅದು ತಪ್ಪು ಎಂದು ನನಗೆ ಹೊಳೆಯಲಿಲ್ಲ. ಅಮಾತೆಪ್ಪನವರಿಗೆ ನೋಡಿದ ತಕ್ಷಣ ಹೊಳೆಯಿತು.

"ಶೀಲವ್ವ, ನಾಳಿ ನೀರ ಇವತ್ತ ಹೆಂಗ ಬಂತವಾ?"

"ಅದು ನಕಲ್ ಆಗಿದ್ದು ಕಾಕಾ. ನಾಳಿ ಮುಂಜಾನೆ ಅವ್ರ ನೋಡಿಕೋತಾರ."

"ಹಸರ ಕಂಡ ಮ್ಯಾಲೆ ಯಾರ ನೋಡ್ತಾರ?"

ಅವತ್ತು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಡೀ ಕಂಪನಿ ಹೊಗಳಿದ ಗುಂಡಿ ಅದು. "ಬಂದೂಕಿನ ಸುದ್ದಿ ನೀವ ಹೇಳ್ರಿ ಕಾಕಾ, ಸ್ಕ್ರೀನಿನ ಸುದ್ದಿ ನನಗ ಬಿಡ್ರಿ," ಎಂದುಬಿಟ್ಟೆ. ಅವರು ಚಹಾದ ಕಪ್ಪು ಎತ್ತಿಕೊಂಡು ಮಾಳಿಗೆಗೆ ಹೋದರು.

ಏಪ್ರಿಲ್‌ನಲ್ಲಿ ತರಬೇತಿ ಕೇಂದ್ರವೊಂದರಲ್ಲಿ ನಮ್ಮ ಸಾಫ್ಟ್‌ವೇರಿನ ಮೊದಲ ಪರೀಕ್ಷೆ ನಡೆಯಿತು. ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕೂತವರು ಅಮಾತೆಪ್ಪನವರು, ಪಕ್ಕದಲ್ಲಿ ನಾನು. ಮೊದಲ ದಿನವೇ ಅವರು ತಮ್ಮ ರೂಢಿಯಂತೆ ಬಯಲಿಗೆ ಫೋನ್ ಹಚ್ಚಹೋದಾಗ ನಾನು ಕೈ ಹಿಡಿದು ತಡೆದೆ.

"ಕಾಕಾ, ಸಾಹೇಬ್ರ ಮುಂದ ಫೋನ್ ಹಚ್ಚಬ್ಯಾಡ್ರಿ. ಫೋನಿನ್ಯಾಗ ಕೇಳೂದಿದ್ರ ಈ ಸಾಫ್ಟ್‌ವೇರ್ ಯಾಕ ಬೇಕು ಅಂತಾರ."

ಅವರು ನನ್ನ ಮುಖ ನೋಡಿದರು. ನನ್ನ ಮರ್ಯಾದೆಯ ಪ್ರಶ್ನೆ ಎಂದು ಅವರಿಗೆ ಅನ್ನಿಸಿರಬೇಕು. ಫೋನ್ ಕೆಳಗಿಟ್ಟರು, ಮುಂದಿನ ದಿನಗಳಲ್ಲೂ ಮುಟ್ಟಲಿಲ್ಲ.

ಮೊದಲ ದಿನ ನೀರು ಬಂತು, ಸಾಲು ಹಸಿರಾಯಿತು. ಆ ಸಂಜೆ ಅಧಿಕಾರಿಯೊಬ್ಬರು ನನ್ನ ಗುಂಡಿ ಒತ್ತಿ, ಬಹಳ ಅನುಕೂಲ ಮಾಡಿದ್ದೀರಿ ಎಂದು ನನ್ನನ್ನು ಹೊಗಳಿ ಹೋದರು. ಮೂರನೆಯ ದಿನ ಟ್ಯಾಂಕರ್ ದಾರಿಯಲ್ಲೇ ಕೆಟ್ಟು ನಿಂತಿತು. ಪರದೆಯ ಮೇಲೆ ಮಾತ್ರ ನೀರಿನ ಸಾಲು ಬೆಳಗಿನಿಂದ ಹಸಿರು. ನಲವತ್ತೊಂದು ಡಿಗ್ರಿ ಬಿಸಿಲಿನಲ್ಲಿ ಗುಡ್ಡ ಹತ್ತಿದ ತುಕಡಿಗೆ ಹನಿ ನೀರು ಸಿಗಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ದೀಪಕ ಎಂಬ ಹೊಸ ಸಿಪಾಯಿ ಜ್ಞಾನ ತಪ್ಪಿ ಬಿದ್ದ. ಜೀವ ಉಳಿಯಿತು. ಮೂತ್ರಪಿಂಡಕ್ಕೆ ಪೆಟ್ಟಾಗಿ, ಸೈನ್ಯಕ್ಕೆ ಯೋಗ್ಯನಲ್ಲ ಎಂದು ಅವನನ್ನು ಮನೆಗೆ ಕಳುಹಿಸಿದರು.

ವಿಚಾರಣೆಯಲ್ಲಿ ಅಮಾತೆಪ್ಪನವರು ಎದ್ದು ನಿಂತು ಹೇಳಿದ್ದು ಇಷ್ಟೇ: "ಹಸರ ನೋಡಿ ಸುಮ್ಮ ಕುಂತೆ. ಫೋನ್ ಹಚ್ಚಬೇಕಿತ್ತು, ಹಚ್ಚಲಿಲ್ಲ. ತಪ್ಪ ನಂದ ರೀ." ನಾನು ತಡೆದೆನೆಂದು ಹೇಳಲಿಲ್ಲ. ನಕಲಾದ ಹಸಿರಿನ ಮಾತನ್ನೂ ಎತ್ತಲಿಲ್ಲ. ಆಮೇಲೆ ಅಧಿಕಾರಿಗಳು ನನ್ನನ್ನು ಕೇಳಿದರು, ಪರದೆ ಸರಿಯಾಗಿ ತೋರಿಸಿತೇ ಎಂದು. "ತನ್ನಲ್ಲಿ ತುಂಬಿದ್ದನ್ನು ತೋರಿಸಿದೆ," ಎಂದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಇನ್ನೂ ಹೇಳಿಲ್ಲ.

ಪರದೆ ನೋಡುತ್ತಿದ್ದವರ ನಿರ್ಲಕ್ಷ್ಯ ಎಂದು ವರದಿ ಬಂತು. ಅಮಾತೆಪ್ಪನವರು ಕೆಲಸ ಬಿಟ್ಟು ಊರಿಗೆ ಹೋದರು. ಬೀಳ್ಕೊಡುವಾಗ ನಾನು ಅವರ ಕಾಲಿಗೆ ಬೀಳಬೇಕಿತ್ತು. ಬಾಗಿಲ ತನಕವೂ ಹೋಗಲಿಲ್ಲ.

ಎರಡು ವರ್ಷ ಹೀಗೇ ಸಂದವು. ಈಚೆಗೆ ನಮ್ಮಲ್ಲಿಗೆ ಸೇರಿದ ಮಾಯಾ ಎಂಬಾಕೆ ಏನೋ ಪರೀಕ್ಷಿಸದೆ ಕಳಿಸಿದಳು. ಪಕ್ಕದವನು ನಗುತ್ತ, "ಅಮಾತೆಪ್ಪ ಆಗಬ್ಯಾಡ," ಎಂದ. "ಅಮಾತೆಪ್ಪ ಅಂದ್ರೇನ್ರಿ?" ಎಂದು ಅವಳು ನನ್ನನ್ನು ಕೇಳಿದಳು. ನಮ್ಮ ಕಚೇರಿಯಲ್ಲಿ ಆ ಹೆಸರು ಬೇಜವಾಬ್ದಾರಿಗೆ ಮತ್ತೊಂದು ಹೆಸರಾಗಿತ್ತು. ತಾಸಿಗೊಮ್ಮೆ ಫೋನ್ ಹಚ್ಚದೆ ಊಟಕ್ಕೆ ಏಳದ ಮನುಷ್ಯನ ಹೆಸರು! ಮರುದಿನ ರವಿವಾರ, ಹುನಗುಂದದ ಬಸ್ಸು ಹತ್ತಿದೆ. ದಾರಿಯಲ್ಲಿ ಅಮೀನಗಡದಲ್ಲಿಳಿದು ಒಂದು ಡಬ್ಬಿ ಕರದಂಟು ಕೊಂಡು ಬೇರೆ ಬಸ್ಸು ಹಿಡಿದೆ. ಅದನ್ನು ಯಾವ ಮುಖದಿಂದ ಕೊಂಡೆನೋ ತಿಳಿಯದು.

ಅವರೀಗ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಾವಲುಗಾರ. ಅವತ್ತು ರಜೆ, ಅಂಗಳದ ನೆರಳಿನಲ್ಲಿ ಕೂತಿದ್ದರು. "ಬಾರವಾ ಶೀಲವ್ವ, ಉಣ್ಣೂ ಹೊತ್ತಿಗೆ ಬಂದಿ ನೋಡು," ಎಂದರು, ನಿನ್ನೆಯಷ್ಟೇ ಕಂಡವಳನ್ನು ಕರೆದಂತೆ. ನಾನು ನಿಂತೇ ಎಲ್ಲ ಹೇಳಿದೆ. ನಕಲಾದ ಹಸಿರು, ತಡೆದ ಕೈ, ವಿಚಾರಣೆಯ ಮಾತು, ಕಚೇರಿಯಲ್ಲಿ ಅವರ ಹೆಸರಿಗೆ ಆದ ಗತಿ, ಎಲ್ಲ.

"ಹಸರ ನಕಲಂತ ನನಗೂ ಗೊತ್ತಿತ್ತವಾ," ಎಂದರು ಅಮಾತೆಪ್ಪನವರು. "ಆದ್ರ ನೀ ಬ್ಯಾಡಂದ್ರ ಬಿಡೂದಾ ನಾ? ಒಂಬತ್ತ ವರ್ಷ ಫೋನ್ ಹಚ್ಚಿದ್ದ ಕೈ."

ಬಾಗಿಲಲ್ಲಿ ನಿಂತಿದ್ದ ಶಿವಲಿಂಗವ್ವ ಕರದಂಟಿನ ಡಬ್ಬಿಯನ್ನು ಮುಟ್ಟಲಿಲ್ಲ. "ಇವ್ರ ಸಿಟ್ಟಾಗ್ಲಿಲ್ಲಂತ ಹಗುರ ಆಗಬ್ಯಾಡ್ರಿ ನೀವು. ನಾ ಆಗೇನಿ. ಝೇಂಡಾ ಏರಿಸಾಕ ಸಾಲಿಯವ್ರ ವರ್ಷಾ ಕರಿಯಾಕ ಬರ್ತಾರ, ಇವ್ರ ಹೋಗೂದಿಲ್ಲ. ನನಗ ಯೋಗ್ಯತೆ ಇಲ್ಲ ಅಂತಾರ. ರವಿವಾರ ರವಿವಾರ ಆ ದೀಪಕಗ ಫೋನ್ ಹಚ್ಚಿ ತಪ್ಪಾತಪ್ಪಾ ಅಂತ ಕುಂದರ್ತಾರ. ಎರಡ ವರ್ಷಾತು."

ನಾನು ಕಟ್ಟೆಯ ಮೇಲೆ ಕೂತೆ. ನಾನು ಬಾಯಿಬಿಟ್ಟಿದ್ದರೆ ಆ ಕ್ಷಮೆಯನ್ನು ನಾನು ಕೇಳಬೇಕಿತ್ತು. ಅವರು ನನ್ನ ಪಾಲಿನದನ್ನೂ ಕೇಳುತ್ತ ಕೂತಿದ್ದರು.

"ಇವತ್ತ ನಾ ಮಾತಾಡ್ತೇನಿ ಕಾಕಾ. ಹಚ್ಚಿಕೊಡ್ರಿ," ಎಂದೆ.

ದೀಪಕ ಮಹಾರಾಷ್ಟ್ರದ ಗಡಿಯ ಜತ್ತಿನ ಕಡೆಯವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಅಮಾತೆಪ್ಪನವರು ಸ್ಪೀಕರ್ ಒತ್ತಿ ಫೋನನ್ನು ಕಟ್ಟೆಯ ಮೇಲೆ ಇಟ್ಟರು. ನಾನು ಹೆಸರು ಹೇಳಿ, ನೀರು ಬಾರದೆಯೂ ಹಸಿರು ತೋರಿಸಿದ ಆ ಪರದೆ ಮಾಡಿದವಳು ನಾನು, ಫೋನ್ ಹಚ್ಚದಂತೆ ತಡೆದವಳೂ ನಾನು, ಕಾಕಾ ಅವರದೇನೂ ತಪ್ಪಿಲ್ಲ ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಅದನ್ನ ಈಗ ಸುಧಾರಿಸೀರೇನ್ರಿ?" ಎಂದು ಕೇಳಿದ.

ಸುಧಾರಿಸಿರಲಿಲ್ಲ. ಆ ವರದಿ ಬಂದ ವಾರ ಅನಿಲಕುಮಾರರು, "ಈಗ ಬದಲ್ ಮಾಡಿದ್ರ ತಪ್ಪ ನಮ್ಮದಂತ ಒಪ್ಪಿಕೊಂಡಂಗ," ಎಂದಿದ್ದರು. ನಾನು ಹೂಂ ಎಂದು ತಲೆ ಅಲ್ಲಾಡಿಸಿದ್ದೆ. ಅದಾದ ಮೇಲೆ ಇನ್ನೆರಡು ಕೇಂದ್ರಗಳಿಗೆ ಅದೇ ಸಾಫ್ಟ್‌ವೇರ್ ಹೋಗಿದೆ, ಅದೇ ಗುಂಡಿಯೊಂದಿಗೆ. ಅವುಗಳಲ್ಲೊಂದರಲ್ಲಿ, ನಾನು ಆ ಕಟ್ಟೆಯ ಮೇಲೆ ಕೂತಿದ್ದ ದಿನವೂ ಅಭ್ಯಾಸ ನಡೆಯುತ್ತಿತ್ತು.

"ಇಲ್ಲ. ಈಗೂ ಒಂದ ಕೇಂದ್ರದಾಗ ಅದರ ಮ್ಯಾಲೇ ಅಭ್ಯಾಸ ನಡದೈತಿ," ಎಂದೆ.

"ಮತ್ತ ನನಗ್ಯಾಕ ಫೋನ್ ಹಚ್ಚೀರಿ?" ಎಂದ ದೀಪಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವನ ಪ್ರಶ್ನೆಯಂತೆ ಕೇಳಿದ.

ಅಷ್ಟು ಹೊತ್ತು ಶಾಂತವಾಗಿದ್ದ ಅಮಾತೆಪ್ಪನವರು ಎದ್ದುನಿಂತರು. ಇದು ಅವರಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಪರಿಚಯದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಏರಿಸಿದರು. "ಇನ್ನೂ ಹಂಗ ಐತಿ? ಹುಡುಗ್ರು ಈಗ ಬಿಸಲಾಗ ಅದಾರ? ಹಚ್ಚ ಫೋನು!"

ಆ ಕೇಂದ್ರದ ನಂಬರು ನನ್ನ ಫೋನಿನಲ್ಲೇ ಇತ್ತು. ಹಚ್ಚಿದೆ. ಕರ್ತವ್ಯದಲ್ಲಿದ್ದ ಅಧಿಕಾರಿಗೆ ನನ್ನ ಹೆಸರು, ಕಂಪನಿಯ ಹೆಸರು ಹೇಳಿ, ಪರದೆಯ ಮೇಲಿನ ಹಸಿರನ್ನು ನಂಬಬೇಡಿ, ಅದು ಮೊದಲ ದಿನದ ನಕಲು, ಪ್ರತಿಯೊಂದನ್ನೂ ಬಯಲಿನವರಿಂದ ಕೇಳಿ ಖಾತ್ರಿ ಮಾಡಿಕೊಳ್ಳಿ, ಎರಡು ವರ್ಷದ ಹಿಂದಿನ ಅವಘಡ ಆದದ್ದೂ ಇದರಿಂದಲೇ ಎಂದೆ. ಅವರು ಬರೆದುಕೊಳ್ಳುತ್ತಿದ್ದರು, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಎರಡನೆಯ ಕೇಂದ್ರಕ್ಕೂ ಹಚ್ಚಿ ಅದನ್ನೇ ಹೇಳಿದೆ. ಎಲ್ಲ ಸೇರಿ ಒಂಬತ್ತು ನಿಮಿಷ ಹಿಡಿಯಿತು. ಎರಡು ವರ್ಷ ನಾನು ಮಾಡದೆ ಬಿಟ್ಟದ್ದು ಇಷ್ಟನ್ನೇ.