ರಸ್ತೆ ಇದೆ, ರಸ್ತೆ ಇಲ್ಲ

ಮಾದಾಪುರದ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಶಾಲೆಯವರು ಬೇಡವೆಂದು ಹೊರಗಿಟ್ಟದ್ದನ್ನು ನಾನು ಹೊತ್ತು ತಂದದ್ದು, ಮೂಲೆ ಮುರಿದಿದ್ದರೂ ಸೀಮೆಸುಣ್ಣ ಚೆನ್ನಾಗಿಯೇ ಹಿಡಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಯಾವಾಗ ರಸ್ತೆಗೆ ಇಳಿಯುತ್ತದೋ ಹೇಳಲಾಗದು. ಹಾಗಾಗಿ ಮಡಿಕೇರಿ ಕಡೆಯಿಂದ ಬಂದ ಬಸ್ಸಿನವರನ್ನು ಕೇಳಿ 'ರಸ್ತೆ ಇದೆ' ಅಥವಾ 'ರಸ್ತೆ ಇಲ್ಲ' ಎಂದು ಬರೆಯುವುದು ನನ್ನ ಬೆಳಗಿನ ಪೂಜೆ. ಎರಡೇ ಪದಗಳ ಈ ನಿರಾಭರಣ ಸಾಹಿತ್ಯಕ್ಕೆ ಇರುವಷ್ಟು ನಿಷ್ಠಾವಂತ ಓದುಗರು ಯಾವ ಮಹಾಕವಿಗೂ ಇರಲಾರರೆಂದು ಒಳಗೊಳಗೇ ಬೀಗುತ್ತಿದ್ದೆ.

ಅಂಥ ನಾನೂ ಮರುಳಾದೆ, ನೋಡಿ. ನಾಲ್ಕಾರು ಅಂಗಡಿಯವರು ಸೇರಿ ಊರಿಗೊಂದು ವೆಬ್‌ಸೈಟ್ ಮಾಡಿಸಿದೆವು. ಮೈಸೂರಿನ ಹರ್ಷಿತಾ ಎಂಬಾಕೆ ಅದನ್ನು ಕಟ್ಟಿ, ತನ್ನ ಕಚೇರಿಯ ದೊಡ್ಡ ಪರದೆಯಲ್ಲಿ ತೋರಿಸಿದಾಗ ಮಂಜು ತೇಲಿತು, ಕಾಫಿ ಹೂ ಅರಳಿತು, ಕೊಳಲು ನುಡಿಯಿತು; ರಸ್ತೆಯ ಸುದ್ದಿ ಮಾತ್ರ ಮೂರನೆಯ ಪುಟದಲ್ಲಿ, 'ಇನ್ನಷ್ಟು' ಎಂಬ ಗುಂಡಿಯ ಹಿಂದೆ ನಾಚಿ ಕುಳಿತಿತ್ತು. ನಮ್ಮೂರು ಇಷ್ಟು ಚಂದವೇ ಎಂದು ನಾವೇ ಬೆರಗಾದೆವು. ಸುದ್ದಿ ಹಾಕುವ ಹೊಣೆಯನ್ನು ಮೆಡಿಕಲ್ ಶಾಪಿನ ಗೆಳೆಯನಿಗೆ ಒಪ್ಪಿಸಿ, ಹಲಗೆಯನ್ನು ಒರೆಸಿ, ಆ ಎರಡು ಪದಗಳ ಜಾಗದಲ್ಲಿ ವೆಬ್‌ಸೈಟಿನ ವಿಳಾಸ ಬರೆದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಲೀಲಕ್ಕ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಅವರ ಗಂಡ ಸೋಮಣ್ಣನಿಗೆ ವಾರಕ್ಕೆರಡು ದಿನ ಮಡಿಕೇರಿಯಲ್ಲಿ ಡಯಾಲಿಸಿಸ್. ಒಂದು ದಿನ ತಪ್ಪಿದರೂ ಕಾಲು ಊದಿ, ಉಸಿರಾಡುವುದೇ ಕಷ್ಟವಾಗುತ್ತದೆ. ಹಲಗೆಯ ಮೇಲಿನ ವಿಳಾಸ ನೋಡಿ ಅವರು ಮೊಬೈಲ್ ತೆಗೆದರು. ನೆಟ್‌ವರ್ಕ್ ಒಂದೇ ಕಡ್ಡಿ. ಮಂಜಿನ ಚಿತ್ರ ಇಷ್ಟಿಷ್ಟೇ ಕೆಳಗಿಳಿಯುತ್ತಿತ್ತು.

"ಈ ಮಂಜು ನಮ್ಮನೆ ಹಿಂದೆಯೂ ಉಂಟಲ್ಲ ಮಾರಾಯ," ಅಂದರು ಲೀಲಕ್ಕ. "ರೋಡ್ ಉಂಟಾ ಇಲ್ವಾ, ಅದು ಹೇಳು."

ನನಗೆ ಗೊತ್ತಿರಲಿಲ್ಲ. ಕಾಯಲು ಅವರಿಗೆ ಪುರುಸೊತ್ತಿರಲಿಲ್ಲ. ಜೀಪು ಹೋದ ಮೇಲೆ ನನ್ನ ಮೊಬೈಲಿನಲ್ಲಿ ಪುಟ ಪೂರ್ತಿ ತೆರೆಯಿತು, ಕೊಳಲು ಊದಿತು, ಗುಂಡಿ ಒತ್ತಿದೆ. 'ರಸ್ತೆ ಇಲ್ಲ' ಎಂದು ಗೆಳೆಯ ನಸುಕಿನಲ್ಲೇ ಹಾಕಿದ್ದ. ಮೊದಲೇ ತಿಳಿದಿದ್ದರೆ ಸುಂಟಿಕೊಪ್ಪದ ಮೇಲೆ ಸುತ್ತಿಹೋಗಬಹುದಿತ್ತು. ಗುಡ್ಡ ಕುಸಿದಲ್ಲಿಂದ ಅವರು ತಿರುಗಿ ಬರುವಷ್ಟರಲ್ಲಿ ಸೋಮಣ್ಣನ ಸರದಿ ಬೇರೆಯವರ ಪಾಲಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಸೋಮಣ್ಣ ಕಣ್ಣು ಮುಚ್ಚಿ ಒರಗಿದ್ದರು. ಮರುದಿನ ಹೇಗೋ ಸರದಿ ಸಿಕ್ಕಿ ಅವರು ಉಳಿದರು. ಆದರೆ ಆ ಮುಖ ನೋಡಿದಾಗ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ನಾವು ಮಾಡಿದ್ದು ಅದನ್ನೇ. ಬಾಯಾರಿ ಬಂದವರಿಗೆ ಮೊದಲು ನೀರು ಕೊಡಬೇಕು, ಮನೆತನದ ವೈಭವವನ್ನು ಆಮೇಲೆ ಹೇಳಿಕೊಳ್ಳಬಹುದು. ಇಷ್ಟನ್ನು ತಿಳಿಯಲು ಯಾವ ತಂತ್ರಜ್ಞಾನ ಬೇಕು, ನೀವೇ ಹೇಳಿ. ಅಂದೇ ಹರ್ಷಿತಾಗೆ ಫೋನು ಮಾಡಿ ಹಟ ಹಿಡಿದೆ: ಮಂಜು ಬೇಡ, ಕೊಳಲು ಬೇಡ, ಬಿಳಿಯ ಮೇಲೆ ಕಪ್ಪಕ್ಷರ, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದಪ್ಪ, ಮೊದಲ ಸಾಲಿನಲ್ಲೇ ರಸ್ತೆಯ ಸುದ್ದಿ. ಸುದ್ದಿ ಯಾವ ಹೊತ್ತಿನದೆಂದು ಕೆಳಗೆ ಹಾಕೋಣ ಎಂದವಳು ಮಾತ್ರ ಅವಳೇ. ಹಳಸಿದ ನಿಜ ಸುಳ್ಳಿಗಿಂತ ಕೇಡೆಂಬುದು ನನಗೆ ಹೊಳೆದಿರಲೇ ಇಲ್ಲ.

"ಸರ್, ಇದು ವೆಬ್‌ಸೈಟ್ ಥರಾನೇ ಕಾಣಲ್ಲ," ಅಂದಳು ಕೊನೆಗೆ. "ನಿಮ್ಮ ಅಂಗಡಿ ಬೋರ್ಡ್ ಥರ ಇದೆ."

"ಹಾಗೇ ಇರ್ಲಮ್ಮ," ಅಂದೆ.

ಜನ ನಮ್ಮ ಪುಟದಲ್ಲಿ ಕ್ಷಣಹೊತ್ತೂ ನಿಲ್ಲುವುದಿಲ್ಲ, ಅವರನ್ನು ಹಿಡಿದಿಡಲು ಏನಾದರೂ ಮಾಡಬೇಕೆಂದು ಈಗಲೂ ಬುದ್ಧಿ ಹೇಳುವವರಿದ್ದಾರೆ. ಹೇಳಲಿ, ನಾನು ಹಿಡಿದಿಡುವುದಿಲ್ಲ. ಹಲಗೆಯ ಮೇಲೆ ಮತ್ತೆ ಎರಡು ಪದ ಬರೆಯುತ್ತಿದ್ದೇನೆ, ಈಗ ಅವುಗಳ ಕೆಳಗೆ ಗಂಟೆಯನ್ನೂ ಹಾಕುತ್ತೇನೆ. ವಾರಕ್ಕೆರಡು ಬೆಳಿಗ್ಗೆ ಲೀಲಕ್ಕನ ಜೀಪು ಬರುತ್ತದೆ, ಹಲಗೆಯತ್ತ ಕಣ್ಣು ಹಾಯಿಸುತ್ತದೆ, ನಿಲ್ಲದೆ ಹೋಗುತ್ತದೆ.